ಮಡಿಲಕ್ಕಿಯ ರಾಣಿ ರೂಪಾಯಿ

ಬ್ರಿಟಿಷರು ದೇಶ ಬಿಟ್ಟು ಹೋದರು ಎಂದು ನೀವೆಲ್ಲ ನಂಬಿಕೊಂಡಿದ್ದೀರಿ. ಪಾಪ! ಯಾರೋ ನಿಮಗೆ ತಪ್ಪು ಹೇಳಿದ್ದಾರೆ. ಅವರು ಎಲ್ಲಿಗೂ ಹೋಗಲಿಲ್ಲ. ವಿಕ್ಟೋರಿಯಾ ರಾಣಿ, ಆಕೆಯ ಮಗ ಎಡ್ವರ್ಡು, ಮೊಮ್ಮಗ ಜಾರ್ಜು, ಅವನ ಮಗ ಇನ್ನೊಬ್ಬ ಜಾರ್ಜು, ಹೀಗೆ ಇಡೀ ಸಂಸಾರ ಕೊಳ್ಳೇಗಾಲದ ನಮ್ಮ ಮನೆಯಲ್ಲಿ, ನಮ್ಮ ಭಾವನವರ ಮಂಚದ ಕೆಳಗೆ, ತಗಡಿನ ಟ್ರಂಕಿನೊಳಗೆ ಹಾಯಾಗಿ ಮಲಗಿತ್ತು. ಊರಿನವರೆಲ್ಲ ಬಾವುಟ ಹಾರಿಸಿ ಸಿಹಿ ಹಂಚಿದ ದಿನ ಭಾವನವರೂ ಖಾದಿ ಟೋಪಿ ಹಾಕಿಕೊಂಡು ಹೋಗಿ ಜೈ ಅಂದು ಬಂದರು. ಬಂದವರೇ ಬಾಗಿಲು ಮುಂದೆ ಮಾಡಿಕೊಂಡು, ಟೋಪಿಯನ್ನೂ ತೆಗೆಯದೆ, ರಾಜಮನೆತನದವರನ್ನು ಒಬ್ಬೊಬ್ಬರಾಗಿ ಹೊರಗೆ ತೆಗೆದು ರೇಷ್ಮೆ ಚೂರಿನ ಮೇಲೆ ಮಲಗಿಸಿ ಯೋಗಕ್ಷೇಮ ವಿಚಾರಿಸಿದರು!

ಭಾವನವರೆಂದರೆ ನಮ್ಮ ಯಜಮಾನರ ಅಣ್ಣ. ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಸೀರೆ ಮಾರಲು ಕೊಯಮತ್ತೂರಿಗೆ ಹೋಗಿದ್ದಾಗ ಯಾವುದೋ ಅಂಗಡಿಯಲ್ಲಿ ಹಳೇ ರೂಪಾಯಿಗೆ ರೂಪಾಯಿಗಿಂತ ಹೆಚ್ಚು ಬೆಲೆ ಕೊಡುವುದನ್ನು ಇವರು ಕಂಡರಂತೆ. ಅಂದಿನಿಂದ ತಲೆ ಕೆಟ್ಟಿತು. ಗಡಿಯಾರ ರಿಪೇರಿಯವನ ಹತ್ತಿರ ಒಂದು ಭೂತಕನ್ನಡಿ ಕೊಂಡುಕೊಂಡರು. ಆಮೇಲೆ ಮಗ್ಗದ ಮುಂದೆ ಕೂತದ್ದಕ್ಕಿಂತ ಕಾಸಿನ ಮುಂದೆ ಬಗ್ಗಿದ್ದೇ ಹೆಚ್ಚು. ಊರಿಗೆಲ್ಲ ಇದು ತಮಾಷೆ. ನನಗಲ್ಲ! ಈಗಲೂ ನೆನೆಸಿಕೊಂಡರೆ ನನಗೆ ಮೈ ಉರಿಯುತ್ತದೆ. ನಗುವವರು ನಗಿ. ಹೋದದ್ದು ನನ್ನ ರೂಪಾಯಿ, ನಿಮ್ಮದಲ್ಲವಲ್ಲ!

ನನ್ನ ತವರು ಹನೂರಿನ ಕಡೆಯ ಬಂಡಳ್ಳಿ. ಮದುವೆಯಾಗಿ ಹೊರಡುವಾಗ ನಮ್ಮವ್ವ ನನ್ನ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಿ ಅದರ ನಡುವೆ ಒಂದು ಬೆಳ್ಳಿ ರೂಪಾಯಿ ಇಟ್ಟಳು. ಅದು ಅವಳ ಮಡಿಲಿಗೆ ಅವಳ ಅವ್ವ ಇಟ್ಟದ್ದು. ಕಂಪನಿ ಸರ್ಕಾರದ ಕಾಲದ ರೂಪಾಯಿ. ಅದರ ಮೇಲಿನ ರಾಣಿಗೆ ಕಿರೀಟವಿಲ್ಲ. ಎಳೇ ಮುಖ, ಹಿಂದಕ್ಕೆ ಬಾಚಿ ಗಂಟು ಹಾಕಿದ ಕೂದಲು, ನನ್ನ ಹಾಗೇ ಈಗ ತಾನೇ ಮದುವೆಗೆ ಕೂತ ಹುಡುಗಿಯ ಹಾಗೆ. "ಎಂಥಾ ಕಷ್ಟ ಬಂದ್ರೂವೆ ಇದ್ನ ಮುರುಸ್‌ಬ್ಯಾಡ ಕಣವ್ವ" ಎಂದು ಅವ್ವ ಕಿವಿಯಲ್ಲಿ ಹೇಳಿದಳು.

ಗಂಡನ ಮನೆಗೆ ಬಂದು ಮಡಿಲಕ್ಕಿಯನ್ನು ಮೊರಕ್ಕೆ ಸುರಿದೆ. ರೂಪಾಯಿ ಉರುಳಿತು. ಯಾರ ಕಾಲ ಬುಡಕ್ಕೆ ಅಂತೀರಿ? ಭಾವನವರು ಹೆಕ್ಕಿದರು, ಕಲ್ಲಿನ ಮೇಲೆ ಟಣ್ ಅನ್ನಿಸಿದರು, ಭೂತಕನ್ನಡಿ ಹಿಡಿದರು, ಬೆವತರು! "ಅಯ್ಯಯ್ಯೋ, ಕೂದ್ಲಿನ ಎಳೆಎಳೆಯೂ ಕಾಣ್ತಾ ಅದೆ!" ಎಂದು ಕೂಗಿದರು. ನಂತರ ಜೇಬಿನಿಂದ ಜಾರ್ಜ್ ರಾಜನ ಒಂದು ಹೊಸ ರೂಪಾಯಿ ತೆಗೆದು ಅಕ್ಕಿಯ ಮೇಲಿಟ್ಟು, ನನ್ನ ರಾಣಿಯನ್ನು ಹತ್ತಿ ತುಂಬಿದ ನಶ್ಯದ ಡಬ್ಬಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡುಬಿಟ್ಟರು. "ಅದು ಈಗ ಚಲಾವಣೇಲಿಲ್ಲ ಕಣ್ರವ್ವ. ಚಲಾವಣೇಲಿರೋದ್ನ ಕೊಟ್ಟಿವ್ನಿ, ನಮ್ಮನೆ ಸೊಸೇಗೆ ಲಾಭ್ವೆಯಾ" ಎಂದು ನೆರೆದ ಹೆಂಗಸರಿಗೆಲ್ಲ ವಿವರಿಸಿದರು. ಅವರೆಲ್ಲ ನಕ್ಕರು. ಮದುಮಗಳು ತಲೆ ಎತ್ತಿ ಮಾತಾಡುವುದುಂಟೇ? ನಾನು ಹಲ್ಲು ಕಚ್ಚಿಕೊಂಡು ಮೊರ ನೋಡುತ್ತ ಕೂತೆ.

ಆಮೇಲಾದರೂ ಜಗಳವಾಡೋಣವೆಂದರೆ ಅದಕ್ಕೂ ಅಡ್ಡಿ. ತಮ್ಮನ ಹೆಂಡತಿ ಭಾವನ ಮುಂದೆ ನಿಂತು ಮಾತಾಡುವ ಹಾಗಿಲ್ಲ, ಭಾವನೂ ಅವಳ ಮುಖ ನೋಡಿ ಮಾತಾಡುವ ಹಾಗಿಲ್ಲ. ಏನಿದ್ದರೂ ನಡುಮನೆಯ ಕಂಬಕ್ಕೆ ಹೇಳಬೇಕು! ನಾನು ಅಡುಗೆಮನೆಯ ಬಾಗಿಲಲ್ಲಿ, ಅವರು ಜಗಲಿಯ ಬಾಗಿಲಲ್ಲಿ, ನಡುವೆ ಕಂಬ.

"ಕಂಬವೇ, ನನ್ ತವುರ್ನ ರೂಪಾಯಿ ಯಾವಾಗ ಬತ್ತದೆ ಅಂತ ಕೇಳು."

"ಕಂಬವೇ, ರೂಪಾಯ್ಗೆ ರೂಪಾಯಿ ಕೊಟ್ಟಾಗದೆ ಅಂತ ಯೋಳು."

"ಕಂಬವೇ, ಅದು ನಮ್ಮವ್ವಂದು ಅಂತ ಯೋಳು!"

"ಕಂಬವೇ, ಎಂಗುಸ್ರ ಕೈಗೆ ಕೊಟ್ರೆ ಕೊಂಡಿ ಬೆಸ್ದು ಕತ್ಗೆ ಆಕತಾರೆ. ಆ ರಾಣಿ ತಲೆ ಮ್ಯಾಲೆ ಬೆಂಕಿ ಇಡಕ್ಕೆ ನಾ ಬುಡಾಕಿಲ್ಲ ಅಂತ ಯೋಳು!"

ಎಷ್ಟು ವರ್ಷ ಬೈದೆನೋ ಆ ಕಂಬವನ್ನು! ಮರವಾದ್ದರಿಂದ ತಡೆದುಕೊಂಡಿತು.

ಈ ಕೊಂಡಿಯ ಮೇಲಿನ ದ್ವೇಷದಿಂದಲೇ ಅವರಿಗೆ ಮದುವೆಯೂ ಆಗಲಿಲ್ಲವಂತೆ. ನಾನು ಬರುವ ಮೊದಲಿನ ಕಥೆ ಇದು, ಅತ್ತೆ ಹೇಳಿದ್ದು. ಸತ್ತೇಗಾಲಕ್ಕೆ ಹೆಣ್ಣು ನೋಡಲು ಕರೆದುಕೊಂಡು ಹೋದರು. ಹುಡುಗಿ ಬಂದು ಕೂತಳು, ಕೊರಳಲ್ಲಿ ಎದೆಯವರೆಗೂ ಇಳಿಬಿದ್ದ ರೂಪಾಯಿ ಸರ. ನಮ್ಮ ಭಾವನವರು ಜೇಬಿನಿಂದ ಭೂತಕನ್ನಡಿ ತೆಗೆದರು. ಬಗ್ಗಿದರು. ಇನ್ನೂ ಬಗ್ಗಿದರು. ಹುಡುಗಿಯ ಅಪ್ಪ ಎದ್ದು ನಿಂತ, ಅಣ್ಣ ದೊಣ್ಣೆ ಹುಡುಕಿದ, ಅತ್ತೆ ಮಗನ ಜುಟ್ಟು ಹಿಡಿದು ಬಸ್ಸಿನವರೆಗೂ ಎಳೆದುಕೊಂಡು ಬಂದರು. ಉಸಿರು ಬಂದ ಮೇಲೆ, "ಲೇ, ಎಣ್ಣು ಎಂಗಿದ್ಲೋ?" ಎಂದು ಕೇಳಿದರೆ ಇವರು ಕಣ್ಣೀರು ಒರೆಸಿಕೊಂಡು ಏನಂದರು ಗೊತ್ತೇ? "ಎಲ್ಲಾದ್ಕೂ ಕೊಂಡಿ ಬೆಸ್ದ್‌ಬುಟ್ಟವ್ರೆ ಕಣವ್ವಾ!"

ಇನ್ನು ಯಳಂದೂರಿನ ಪ್ರಸಂಗ. ಆಗ ಕೊಳ್ಳೇಗಾಲ ಮದ್ರಾಸಿನವರದು, ಯಳಂದೂರು ಮೈಸೂರಿನದು. ನಮ್ಮ ಕಡೆ ಕುಡಿತ ಬಂದ್ ಆಗಿತ್ತು. ಗಂಟಲು ಒಣಗಿದವರೆಲ್ಲ ಸೈಕಲ್ ಹತ್ತಿ ಯಳಂದೂರಿಗೆ ಹೋಗಿ, ಸಂಜೆ ಹಾವಿನ ಹಾಗೆ ರಸ್ತೆ ತುಂಬ ಸೈಕಲ್ ಬಿಟ್ಟುಕೊಂಡು ಬರುತ್ತಿದ್ದರು. ಭಾವನವರೂ ವಾರಕ್ಕೊಮ್ಮೆ ಹೋಗುತ್ತಿದ್ದರು, ಅಲ್ಲಿನ ಹಳೇ ಮನೆಗಳಲ್ಲಿ ಕಾಸು ಹುಡುಕಲು. ಒಂದು ದಿನ ಗಡಿಯಲ್ಲಿ ಪೊಲೀಸಿನವನು ನಿಲ್ಲಿಸಿದ. ಬಾಯಿ ಮೂಸಿದ, ನಶ್ಯದ ವಾಸನೆ ಬಿಟ್ಟು ಬೇರೆ ಏನೂ ಇಲ್ಲ.

"ಜೇಬಲ್ಲಿ ಏನಯ್ಯಾ ಸದ್ದು?"

"ರಾಣಿ, ಸಾ."

"ಯಾವ ರಾಣಿ?"

"ಕಿರೀಟ ಇರೋಳು ಸಾ. ಇಲ್ದೋಳು ಸೊಂಟ್ದಲವ್ಳೆ!"

ಪೊಲೀಸಿನವನು ಇದನ್ನು ಊರಿಗೆಲ್ಲ ಹಂಚಿದ. ಬೀದಿಯ ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ ಭಾವನೋರು ಕುಡೀತಾರಂತಲ್ಲವ್ವ, ಜೊತ್ಗೆ ಬ್ಯಾರೆ ಏನೋ ಅದಂತಲ್ಲ" ಎಂದು ಪಿಸುಗುಟ್ಟಿದರು. ಕುಡಿದಿದ್ದರಾದರೂ ಮರ್ಯಾದೆ ಉಳಿಯುತ್ತಿತ್ತಲ್ಲಾ! ಚಲಾವಣೆಯಿಲ್ಲದ ಕಾಸಿಗೆ ಚಲಾವಣೆಯ ಕಾಸು ಕೊಟ್ಟು ಬರುವವನನ್ನು ಏನೆಂದು ಸಮರ್ಥಿಸಿಕೊಳ್ಳಲಿ? ನಾನು ಕೊಡ ಕುಕ್ಕಿ ಮನೆಗೆ ಬಂದೆ.

ಒಂದು ವರ್ಷ ಗೌರಿ ಹಬ್ಬಕ್ಕೆ ಅತ್ತೆ ಮನೆಯ ಪಾತ್ರೆಪಡಗ ಎಲ್ಲ ತೊಳೆಯಲು ಹೇಳಿದರು. ಟ್ರಂಕಿನ ಬೀಗ ತೆಗೆದಿತ್ತು. ಒಳಗೆ ನೋಡಿದರೆ ರಾಜರಾಣಿಯರೆಲ್ಲ ಒಲೆಯ ಹಿಂದಿನ ಗೋಡೆಯಂತೆ ಕಪ್ಪಗಿದ್ದಾರೆ! ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿದೆ. ರಟ್ಟೆ ಬಿದ್ದುಹೋಗುವ ಹಾಗೆ ತಿಕ್ಕಿದೆ. ಫಳಫಳ ಹೊಳೆಯುವ ಹಾಗೆ ಮಾಡಿ ಮೊರದಲ್ಲಿ ಬಿಸಿಲಿಗಿಟ್ಟೆ. ಹೊಗಳಿಕೆಗೆ ಕಾದಿದ್ದೆ, ಸುಳ್ಳೇಕೆ ಹೇಳಲಿ? ಭಾವನವರು ಬಂದರು, ನೋಡಿದರು, ಕಂಬಕ್ಕೆ ಒರಗಿ ಕೂತುಬಿಟ್ಟರು.

"ಕಂಬವೇ, ಕೊಂದ್‌ಬುಟ್ರಲ್ಲಾ ಅಂತ ಯೋಳು. ಕಾಸ ಉಜ್ಜಬಾರ್ದು. ಅದ್ರ ಮ್ಯಾಲೆ ಕುಂತಿರದು ಕೊಳೆ ಅಲ್ಲ, ಅದ್ನ ಮುಟ್ಟುದ್ ಜನದ ಕೈ ಅಂತ ಯೋಳು."

ಕೈಯಂತೆ! ಕಾಲಂತೆ! ನನ್ನ ರಟ್ಟೆಯ ನೋವಿಗೆ ಒಂದು ಮಾತಿಲ್ಲ. ಉಜ್ಜಿದ ರೂಪಾಯಿಗಳಿಗೆ ಬೆಲೆ ಬಿದ್ದುಹೋಯಿತೆಂದು ಹಬ್ಬದ ಹೋಳಿಗೆಯನ್ನೂ ಮುಟ್ಟಲಿಲ್ಲ. ನನ್ನ ರಾಣಿ ಮಾತ್ರ ಸೊಂಟದ ಡಬ್ಬಿಯಲ್ಲಿದ್ದುದರಿಂದ ನನ್ನ ಹುಣಸೆಹಣ್ಣಿಗೆ ಸಿಗಲಿಲ್ಲ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಮ್ಮ ಕಡೆ ಸತ್ತವರ ಹಣೆಗೆ ನೆನೆಸಿದ ವಿಭೂತಿಯಿಂದ ಒಂದು ರೂಪಾಯಿ ಅಂಟಿಸುವ ಪದ್ಧತಿ. ಮನೆಯಲ್ಲಿ ಜೋಪಾನವಾಗಿಟ್ಟ ಹಳೇ ರೂಪಾಯಿ ಹೊರಗೆ ಬರುವುದು ಅಂದೇ. ಆದ್ದರಿಂದ ಊರಿನಲ್ಲಿ ಯಾರೇ ಸತ್ತರೂ ಭಾವನವರು ಮೊದಲು ಹಾಜರು. ಹೆಣದ ತಲೆಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡುತ್ತಿದ್ದರು. ಎಂಥ ಅಂತಃಕರಣ ಎಂದು ಜನ ಕೈಮುಗಿಯುತ್ತಿದ್ದರು! ಒಮ್ಮೆ ಊರಿನ ಒಬ್ಬ ಹಿರಿಯರು ತೀರಿಕೊಂಡಾಗ ಇವರು ಹೀಗೆಯೇ ಬಗ್ಗಿದವರು ಗಕ್ಕನೆ ನೆಟ್ಟಗಾಗಿ, "ನಿಮ್ಮಪ್ಪಾರ ಅಣೆ ಮ್ಯಾಲಿರದು ಅಂದಿ ರೂಪಾಯಿ!" ಎಂದುಬಿಟ್ಟರು. ಜಾರ್ಜ್ ರಾಜನ ನಿಲುವಂಗಿಯ ಮೇಲೆ ಕೆತ್ತಿದ ಆನೆ ಹಂದಿಯ ಹಾಗೆ ಕಾಣುತ್ತದೆಂದು ಗಲಾಟೆಯಾಗಿ ಸರ್ಕಾರ ಆ ಅಚ್ಚನ್ನು ಹಿಂದಕ್ಕೆ ತೆಗೆದುಕೊಂಡಿತ್ತಂತೆ. ಅದು ಯಾರಿಗೆ ಗೊತ್ತು? ಮೂರು ಹೊತ್ತು ಲಿಂಗಪೂಜೆ ಮಾಡಿದವರ ಹಣೆಯ ಮೇಲೆ ಹಂದಿ! ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಕಿರುಚಿದರು. ಮಗ ರೂಪಾಯಿಯನ್ನು ಕಿತ್ತು ಅಂಗಳಕ್ಕೆ ಎಸೆದ. ಭಾವನವರು ಅಷ್ಟರಲ್ಲಾಗಲೇ ಅಂಗಳದಲ್ಲಿದ್ದರು ಅನ್ನಿ.

ಅಂದಿನಿಂದ ನಾನು ಸಾವಿನ ಮನೆಗೆ ಹೋದರೆ ಮುಖ ಮುಚ್ಚಿಕೊಂಡು ಕೂರಬೇಕಾಯಿತು.

ಕೊನೆಗೆ ಕೊಯಮತ್ತೂರಿನ ಅಂಗಡಿಯವನೇ ನಮ್ಮ ಮನೆ ಹುಡುಕಿಕೊಂಡು ಬಂದ. ಟ್ರಂಕಿನ ಸಂಸಾರವನ್ನೆಲ್ಲ ನೋಡಿ ಮೂಗು ಮುರಿದ. ನಶ್ಯದ ಡಬ್ಬಿ ತೆರೆದಾಗ ಮಾತ್ರ ಅವನ ಕನ್ನಡವೇ ಹೋಗಿ ಬರೀ ತಮಿಳು ಉಳಿಯಿತು. ಅದೊಂದಕ್ಕೆ ಒಂದು ಕರೆಯುವ ಹಸುವಿನ ಬೆಲೆ ಕೊಡುತ್ತೇನೆಂದ! ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ನನ್ನ ರಾಣಿಯನ್ನು ಮಾರುತ್ತಾರಲ್ಲಾ ಎಂದು ಕೋಪ. ಭಾವನವರು ತಲೆಯಾಡಿಸಿ ಡಬ್ಬಿ ಮುಚ್ಚಿದರು. ಮಗ್ಗದ ಕೋಣೆ ಸೋರಿ ಹಾಸಿನ ನೂಲು ನೆನೆಯುತ್ತಿರುವಾಗ ಮಾರುವುದಿಲ್ಲವಲ್ಲಾ ಎಂದು ಇನ್ನೂ ಕೋಪ! ಮಾರಿದ್ದರೂ ಬೈಯುತ್ತಿದ್ದೆ, ಮಾರದ್ದಕ್ಕೂ ಬೈದೆ. ಕಂಬ ಎಲ್ಲವನ್ನೂ ಕೇಳಿಸಿಕೊಂಡಿತು.

ಆ ಯುಗಾದಿಗೆ ನಮ್ಮವ್ವ ಬಂಡಳ್ಳಿಯಿಂದ ಬಂದಳು. ಸೊರಗಿದ್ದಳು. ಇದೇ ಕಂಬಕ್ಕೆ ಒರಗಿ ಕೂತು, "ನಿನ್ ಮಡ್ಲಿಗೆ ಇಕ್ಕಿದ್ನಲ್ಲ ರಾಣಿ ರೂಪಾಯಿ, ಒಂದ್ಸಾರಿ ತೋರ್ಸವ್ವ. ನಮ್ಮವ್ವನ ನೋಡ್ದಂಗಾಯ್ತದೆ" ಎಂದಳು. ಏನು ಹೇಳಲಿ? ಮನೆಯ ಮಾನ ಕಳೆಯಲಾರದೆ, ದೇವರ ಪೆಟ್ಟಿಗೆಯಲ್ಲಿದೆ, ಬೀಗದ ಕೈ ನಿಮ್ಮಳಿಯನ ಹತ್ತಿರ ಇದೆ, ಎಂದು ಸುಳ್ಳು ಹೇಳಿದೆ. "ಇರ್ಲಿ ಬುಡು, ಮುಂದ್ಲಸಾರಿ ನೋಡ್ತೀನಿ" ಎಂದಳು. ಜಗಲಿಯಲ್ಲಿ ಭಾವನವರು ಕೆಮ್ಮಿದ್ದು ಕೇಳಿಸಿತು. ಎಲ್ಲ ಕೇಳಿಸಿಕೊಂಡಿದ್ದರು! ಸೊಂಟದಲ್ಲೇ ಇದ್ದ ಡಬ್ಬಿಯನ್ನು ಒಮ್ಮೆ ತೆರೆದು ತೋರಿಸಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಅಂದು ನಾನು ಕಂಬಕ್ಕೂ ಒಂದು ಮಾತು ಆಡಲಿಲ್ಲ. ಅಷ್ಟು ಸಿಟ್ಟು ನನಗೆ ಅದಕ್ಕೆ ಮುಂಚೆ ಬಂದಿರಲಿಲ್ಲ.

ಮುಂದಿನ ಸಾರಿ ಬರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವ ತೀರಿಕೊಂಡಳು.

ಸುದ್ದಿ ಬಂದ ಕೂಡಲೇ ನಾನೂ ಯಜಮಾನರೂ ಹೊರಟು ಬಂಡಳ್ಳಿ ಸೇರಿದ್ದೆವು. ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ನಮ್ಮಣ್ಣ ಸಿಂಹದ ತಲೆಯ ಹೊಸ ನಿಕ್ಕಲ್ ರೂಪಾಯಿಯೊಂದನ್ನು ಹಣೆಗೆ ಅಂಟಿಸಿದ್ದ. ನಾನು ಕಾಲ ಹತ್ತಿರ ಕೂತಿದ್ದೆ. ಮಧ್ಯಾಹ್ನದ ಬಸ್ಸಿಗೆ ಭಾವನವರು ಬಂದರು. ನೆಟ್ಟಗೆ ಒಳಗೆ ಬಂದು ಅವ್ವನ ಮುಖದ ಹತ್ತಿರ ಬಗ್ಗಿದರು. ಅವರ ಕೈ ಹಣೆಯ ರೂಪಾಯಿಗೆ ಹೋದದ್ದು ಕಂಡೆ.

ನನ್ನ ತಾಯಿಯ ಹಣೆಯನ್ನೂ ಬಿಡಲಿಲ್ಲವಲ್ಲ ಈ ಮನುಷ್ಯ! ಕಂಬ, ಪದ್ಧತಿ, ಮರ್ಯಾದೆ ಯಾವುದೂ ನೆನಪಾಗಲಿಲ್ಲ. ಎದ್ದು ಅವರ ಮುಂದೆಯೇ ಹೋಗಿ ನಿಂತೆ. "ಕೈ ತೆಗೀರಿ!" ಎಂದು ಕೂಗಿದೆ.

ಭಾವನವರು ಕೈ ತೆಗೆದರು. ಅವ್ವನ ಹಣೆಯ ಮೇಲೆ ಕಿರೀಟವಿಲ್ಲದ ಎಳೇ ರಾಣಿ ಇದ್ದಳು.

"ಅವತ್ತೇ ತೋರ್ಸಬೇಕಾಗಿತ್ತು ಕಣವ್ವ" ಎಂದರು. ಕಂಬಕ್ಕಲ್ಲ, ನನಗೆ. "ತೋರ್ಸುದ್ರೆ ಆಮ್ಯಾಲೆ ಅವರ ಕೈಯಿಂದ ಈಸ್ಕಳಕ್ಕೆ ಮನಸ್ಸು ಬರಾಕಿಲ್ಲ ಅಂತ ಎದರ್ಕಂಡೆ. ಅವರ್ದು ಅವರ್ಗೇ ಓಗ್ಲಿ."

ಇಷ್ಟು ವರ್ಷ ಕೇಳಿದವಳು ನಾನು, ಕೊಟ್ಟದ್ದು ಮಣ್ಣಿಗೆ ಹೋಗುವವಳಿಗೆ! ಕರೆಯುವ ಹಸುವಿನ ಬೆಲೆಯ ರಾಣಿ ನಮ್ಮವ್ವನ ಜೊತೆ ಗುಣಿಗೆ ಇಳಿದಳು. ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಅವ್ವ ಸತ್ತ ಸುದ್ದಿ ಬಂದಾಗಿನಿಂದ ಅಲ್ಲಿಯವರೆಗೂ ನಾನು ಅತ್ತಿರಲಿಲ್ಲ.

ಮಣ್ಣು ಮುಗಿಸಿ ಬಂದು ಎಲ್ಲರೂ ಜಗಲಿಯಲ್ಲಿ ಕೂತಾಗ ಭಾವನವರು ನನ್ನ ಹತ್ತಿರ ಬಂದು ನಶ್ಯದ ಡಬ್ಬಿಯನ್ನು ಕೈಗಿಟ್ಟರು. ಒಳಗೆ ಹತ್ತಿಯ ಮೇಲೆ ಅವ್ವನ ಹಣೆಯಿಂದ ತೆಗೆದ ನಿಕ್ಕಲ್ ರೂಪಾಯಿ ಇತ್ತು, ಅದರ ಒಂದು ಮಗ್ಗುಲಿಗೆ ವಿಭೂತಿ ಒಣಗಿ ಅಂಟಿಕೊಂಡಿತ್ತು. ಯಾವ ಅಂಗಡಿಗೆ ಹೋದರೂ ಅದಕ್ಕೆ ಒಂದು ರೂಪಾಯಿಯ ಮೇಲೆ ಕಾಸೂ ಹೆಚ್ಚು ಕೊಡುವುದಿಲ್ಲ.

"ಉಜ್ಜಬ್ಯಾಡ ಕಣವ್ವ" ಎಂದರು.

ಉಜ್ಜಿಲ್ಲ.