ಬಾಳೆಗಿಡದ ತಿರುಳು

ಮಾನೋಪನ ದೆವ್ವಗಳಿಗೆ ಕೂದಲಿತ್ತು, ಕೋರೆಹಲ್ಲಿತ್ತು, ತಿರುಳೊಂದು ಇರಲಿಲ್ಲ. ಹಾಗೆಂದವರು ಸಂಪಾದಕಿ ಓರಾತೈ ಮೇಡಂ. ರಾಚ್‌ಬುರಿ ಪೇಟೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡು, ಹನ್ನೊಂದು ವರ್ಷದಿಂದ ಅವರ ಪಾಕ್ಷಿಕಕ್ಕೆ ದೆವ್ವದ ಕತೆ ಬರೆದುಕೊಡುತ್ತಿದ್ದ ಅವನಿಗೆ ಈ ಮಾತು ಎದೆಗೆ ನಾಟಿತ್ತು.

“ದೆವ್ವದ ಕತೆ ಅನ್ನೋದು ಬರೀ ಪಾತ್ರೆ, ಮಾನೋಪ್ ಅವರೇ. ಒಳಗೆ ಸಾರೆಲ್ಲಿ? ಓದಿದೋನು ದೆವ್ವಕ್ಕೆ ಹೆದರಿದ್ರೆ ಸಾಲದು, ತನಗೆ ತಾನೇ ಹೆದರ್ಬೇಕು. ಹದಿನೈದನೇ ತಾರೀಕು ಸಂಜೆ ಐದರೊಳಗೆ ತಿರುಳಿರೋ ಕತೆ ತನ್ನಿ. ಇಲ್ಲಾಂದ್ರೆ ನಿಮ್ಮ ಪುಟ ಜ್ಯೋತಿಷಿಗೆ ಹೋಗುತ್ತೆ.”

ಇವತ್ತೇ ಹದಿನೈದು. ಬೆಳಗ್ಗೆ ಎಂಟಕ್ಕೆ ಮಾನೋಪ ಹಾಳೆಯ ತಲೆಯ ಮೇಲೆ ‘ದುರಾಸೆ’ ಎಂದು ದೊಡ್ಡದಾಗಿ ಬರೆದು ಕೂತ. ಒಂಬತ್ತಾದರೂ ಅದರ ಕೆಳಗೆ ಏನೂ ಇಳಿಯಲಿಲ್ಲ. ಬರೆಯುವವನಿಗೇ ಭಯ ಹುಟ್ಟದಿದ್ದರೆ ಓದುವವನಿಗೆಲ್ಲಿ ಹುಟ್ಟೀತು ಎಂದುಕೊಂಡು, ಹಳೆಯ ಪರದೆಯಿಂದ ಒಂದು ಕೆಂಪು ತುಂಡು ಹರಿದು ಹಿತ್ತಲಿನ ಬಾಳೆಗಿಡದ ಸೊಂಟಕ್ಕೆ ಕಟ್ಟಿದ. ಊರವರು ಹಾಗೆ ಬಟ್ಟೆ ಕಟ್ಟುವುದು ಹೆಣ್ಣುದೆವ್ವ ಸೇರಿಕೊಂಡ ಗಿಡಕ್ಕೆ. ಅದು ವಾಸಿಸುವುದು ತಾನಿ ಎಂಬ ಕಾಡುಬಾಳೆಯಲ್ಲಿ. ಇವನದು ಹಣ್ಣಿನ ಬಾಳೆ. ಇರಲಿ, ಕತೆಗೆ ಅಷ್ಟು ಸಾಕು ಎಂದು ಒಳಗೆ ಬಂದು ಪೆನ್ನು ಹಿಡಿದ.

ಹತ್ತು ನಿಮಿಷವೂ ಆಗಿರಲಿಲ್ಲ, ಗೋಡೆಯಾಚೆಯಿಂದ ನೂಡಲ್ಸ್ ಮಾರುವ ಲಮೈಯಕ್ಕ ಇಣುಕಿದಳು.

“ಮಾನೋಪ, ಗಿಡಕ್ಕೆ ಬಟ್ಟೆ ಕಟ್ಟಿದ್ದೀಯಲ್ಲ, ಅದರೊಳಗೆ ಅಮ್ಮ ಯಾವಾಗ ಬಂದ್ರು?”

“ಯಾವ ಅಮ್ಮ? ಕತೆ ಬರೆಯೋಕೆ ಕಟ್ಟಿದ್ದು ಅಕ್ಕ.”

“ಸರಿ, ಸರಿ. ನಾಳೆ ಲಾಟರಿ ಅಲ್ವಾ, ಗೆಲ್ಲೋ ನಂಬರು ಅಮ್ಮನೇ ತೋರಿಸ್ತಾರೆ. ಹೇಳ್ಬೇಡ ಬಿಡು, ನಂಗರ್ಥ ಆಯ್ತು,” ಎಂದು ಕಣ್ಣು ಮಿಟುಕಿಸಿ ತಲೆ ಒಳಗೆಳೆದುಕೊಂಡಳು.

ಲಮೈಯಕ್ಕನಿಗೆ ಅರ್ಥವಾದರೆ ಬೀದಿಗೇ ಅರ್ಥವಾದಂತೆ. ಹತ್ತೂವರೆಗೆ ಹಿತ್ತಲಲ್ಲಿ ಇಪ್ಪತ್ತು ಜನ. ಊದುಬತ್ತಿ ಉರಿಯಿತು, ಮಲ್ಲಿಗೆ ಮಾಲೆ ಬಿತ್ತು, ಗಿಡದ ಬುಡದಲ್ಲಿ ಕೆಂಪು ಸೋಡಾ ಬಾಟಲಿಗಳು ಸಾಲುಗಟ್ಟಿದವು. ಒಂದೊಂದಕ್ಕೂ ಒಂದೊಂದು ಸ್ಟ್ರಾ. ದೆವ್ವಕ್ಕೆ ಸ್ಟ್ರಾ ಬೇರೆ ಕೇಡು ಎಂದು ಮಾನೋಪ ಹಲ್ಲು ಕಚ್ಚಿದ. ನಿವೃತ್ತ ಬಸ್ ಕಂಡಕ್ಟರ್ ಚುಯ್ ಮಾಮ ಡಬ್ಬಿಗಟ್ಟಲೆ ಟಾಲ್ಕಂ ಪೌಡರು ತಂದು ಬಾಳೆಯ ಮೈಗೆ ತಿಕ್ಕಿ, ಕನ್ನಡಕ ಏರಿಸಿ ಅದರಲ್ಲಿ ಮೂಡುವ ಅಂಕಿ ಹುಡುಕತೊಡಗಿದ.

“ಇಲ್ನೋಡ್ರೋ, ನಾಕು. ಸ್ಪಷ್ಟವಾಗಿ ನಾಕು.”

“ಅದು ಗಿಳಿ ಕುಕ್ಕಿದ್ದು ಮಾಮ,” ಎಂದ ಮಾನೋಪ.

“ಗಿಳೀನ ಕಳಿಸಿದ್ದು ಯಾರು? ಅಮ್ಮನೇ ತಾನೆ? ನೀನು ಸುಮ್ನಿರಪ್ಪ, ಇಂಥ ಕತೆ ಬರೆದೇ ನಿನ್ನ ತಲೆ ಕೆಟ್ಟಿರೋದು.”

“ಅಯ್ಯೋ, ಇದ್ರಲ್ಲಿ ಯಾರೂ ಇಲ್ಲ ಮಾಮ. ಇದು ಪರದೆ ಬಟ್ಟೆ. ನಮ್ಮನೆ ಕಿಟಕೀದು. ಬೇಕಾದ್ರೆ ಉಳಿದ ತುಂಡು ತೋರಿಸ್ತೀನಿ.”

“ನೋಡಿ, ಎಷ್ಟು ಮುಚ್ಚಿಡ್ತಾನೆ,” ಎಂದಳು ಲಮೈಯಕ್ಕ. “ಒಬ್ನೇ ಗೆಲ್ಬೇಕು ಅಂತ. ಹೊಟ್ಟೆಗೆ ಎಷ್ಟು ಬೇಕೋ ಇವನಿಗೆ.”

ಮಾನೋಪನ ತಾಳ್ಮೆ ಕಿತ್ತುಹೋಯಿತು. ಕಾಲು ನೆಲಕ್ಕೆ ಅಪ್ಪಳಿಸಿ ಕಿರುಚಿದ: “ನಂಗೆ ನಲವತ್ತೇಳು ವರ್ಷ ಆಯ್ತು, ಇಂಥ ಹುಚ್ಚು ಎಲ್ಲೂ ಕಂಡಿಲ್ಲ.”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನಲವತ್ತೇಳು,” ಎಂದ ಚುಯ್ ಮಾಮ ಮೆಲ್ಲಗೆ. “ನಾಕು ಸಿಕ್ಕಿತ್ತು. ಏಳನ್ನ ಇವನ ಬಾಯಿಂದ ಆಡಿಸಿದ್ರು.”

ಎಲ್ಲರೂ ಮಾನೋಪನಿಗೇ ಕೈಮುಗಿದರು. ಮುದುಕಿಯೊಬ್ಬಳು ಅವನ ಹಣೆಗೂ ಪೌಡರು ತಿಕ್ಕಲು ಬಂದಳು. ಅವನು ತಲೆ ಕೊಸರಿಕೊಂಡಾಗ ಪೌಡರು ಕಿವಿಗೆ ಹೊಕ್ಕಿತು. ಒಳಗೋಡಿ ಚಿಲಕ ಹಾಕಿ, ಏದುಸಿರು ಬಿಡುತ್ತಾ ಕಿಟಕಿಯಿಂದ ನೋಡಿದ. ಹೊರಗೆ ಜನ ಗಿಡವನ್ನು ತಬ್ಬಿಕೊಂಡಿದ್ದರು. ಅವರ ಕಣ್ಣು ನೋಡಿ ಅವನಿಗೆ ನಿಜವಾಗಿಯೂ ಭಯವಾಯಿತು.

ಆಗ ಹೊಳೆಯಿತು. ತಿರುಳನ್ನು ಹುಡುಕಿಕೊಂಡು ಹೋಗುವುದೇನು ಬಂತು, ಅದೇ ಹಿತ್ತಲಿಗೆ ಬಂದು ನಿಂತಿದೆಯಲ್ಲ. ಗಿಡದಲ್ಲಿ ದೆವ್ವವಿಲ್ಲ. ಜನರೇ ಬಂದು ಬಂದು ತಮ್ಮ ಆಸೆಯನ್ನು ಅದರೊಳಗೆ ತುಂಬುತ್ತಾರೆ. ಕಡೆಗೆ ಗಿಡಕ್ಕೇ ಹಸಿವಾಗುತ್ತದೆ. ಮಾನೋಪ ಕೂತವನು ಏಳಲಿಲ್ಲ. ಊಟ ಮರೆತು ಹನ್ನೆರಡು ಪುಟ ಬರೆದ. ನಲವತ್ತೇಳನ್ನೂ ಕತೆಯೊಳಗೆ ಸೇರಿಸಿದ. ಬರೆದು ಮುಗಿಸಿದಾಗ ತನ್ನ ಕತೆಗೆ ತಾನೇ ನಡುಗಿದ್ದು ಹನ್ನೊಂದು ವರ್ಷದಲ್ಲಿ ಅದೇ ಮೊದಲು.

ಐದಕ್ಕೆ ಐದು ನಿಮಿಷವಿರುವಾಗ, ಕಿವಿಯೊಳಗಿನ ಪೌಡರು ಸಹಿತ, ಪತ್ರಿಕೆಯ ಕಚೇರಿ ತಲುಪಿದ. ಓರಾತೈ ಮೇಡಂ ನಿಂತಲ್ಲೇ ಓದಿದರು, ಕೂತು ಓದಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮಾನೋಪ್ ಅವರೇ, ಮೈ ಜುಮ್ಮಂತು. ಇದು ಕತೆ. ದುರಾಸೆ ಅಂದ್ರೆ ಏನು ಅಂತ ಕನ್ನಡಿ ಹಿಡಿದ ಹಾಗಿದೆ. ಪಾತ್ರೇನೂ ಗಟ್ಟಿ, ಸಾರೂ ರುಚಿ.”

ಮಾನೋಪನಿಗೆ ಇಷ್ಟು ವರ್ಷದ ಕೂದಲು, ಕೋರೆಹಲ್ಲು ಎಲ್ಲ ಸಾರ್ಥಕವಾಯಿತೆನಿಸಿತು.

ಮೇಡಂ ಎದ್ದು ಬಾಗಿಲು ಮುಚ್ಚಿ ಬಂದು ದನಿ ತಗ್ಗಿಸಿದರು. “ಈ ನಲವತ್ತೇಳು. ಇದು ಗಿಡದ ಮೇಲೆ ನಿಜವಾಗ್ಲೂ ಕಾಣಿಸ್ತಾ?”

“ಇಲ್ಲ ಮೇಡಂ. ಅದು ನನ್ನ ವಯಸ್ಸು.”

“ಬಾಯ್ತಪ್ಪಿ ಬಂದಿದ್ದಾ? ಹಾಗಾದ್ರೆ ಇನ್ನೂ ಗಟ್ಟಿ.” ಕೈಚೀಲದಿಂದ ಲಾಟರಿ ಚೀಟಿಗಳ ಅಂಚು ಇಣುಕಿತು. “ಪೇಟೇಲೆಲ್ಲ ಮಧ್ಯಾಹ್ನದಿಂದ ಇದೇ ಮಾತು. ಯಾರದೋ ಹಿತ್ತಲು ಅಂದ್ರು, ನಿಮ್ಮದು ಅಂತ ಗೊತ್ತಿರಲಿಲ್ಲ.”

“ಮೇಡಂ, ಕತೆಯ ತಿರುಳೇ ಅದು ಸುಳ್ಳು ಅನ್ನೋದು.”

“ತಿರುಳು ಚೆನ್ನಾಗೇ ಇದೆ, ನಾನೇ ಹೇಳಿದ್ನಲ್ಲ. ಆದ್ರೆ ಪತ್ರಿಕೆ ಅಚ್ಚಿಗೆ ಹೋಗೋದು ಹದಿನೇಳಕ್ಕೆ. ನಾಳೆ ನಲವತ್ತೇಳು ಬಂದ್ರೆ ನಿಮ್ಮ ಕತೆ ಮುಖಪುಟಕ್ಕೆ. ಬರದಿದ್ರೆ ನಾನೇನು ಮಾಡ್ಲಿ? ಇಡೀ ಊರು ನಂಬಿ ಸೋತ ದೆವ್ವ. ಅಂಥಾದ್ದನ್ನ ಕಾಸು ಕೊಟ್ಟು ಯಾರು ಓದ್ತಾರೆ? ಪುಟ ಜ್ಯೋತಿಷಿಗೇ ಕೊಡ್ಬೇಕಾಗುತ್ತೆ.”

ಮಾನೋಪ ಮೆಟ್ಟಿಲಿಳಿಯುತ್ತಾ ಸಂಪಾದಕಿಯನ್ನು ಬೈದ, ಚುಯ್ ಮಾಮನನ್ನು ಬೈದ, ಗಿಳಿಯನ್ನೂ ಬಿಡಲಿಲ್ಲ. ಬೀದಿಯ ತಿರುವಿನ ಅಂಗಡಿಯ ಮುಂದೆ ಬಂದಾಗ ಅವನ ಕಾಲು ನಿಧಾನವಾಯಿತು.

ಸಂಜೆಗೆಂಪು ಇನ್ನೂ ಆರಿರಲಿಲ್ಲ. ಹಿತ್ತಲು ಖಾಲಿಯಾಗಿತ್ತು. ಪೌಡರು ಬಳಿದುಕೊಂಡ ಬಾಳೆ ಬೆಳ್ಳಗೆ ನಿಂತಿತ್ತು. ಮಾನೋಪ ಆಚೀಚೆ ನೋಡಿ, ಅಂಗಿಯೊಳಗಿಂದ ಕೆಂಪು ಸೋಡಾ ತೆಗೆದು ಬುಡದಲ್ಲಿಟ್ಟು, ಮಂಡಿಯೂರಿ ಕೈಮುಗಿದ.

“ತಾಯೀ, ಹನ್ನೊಂದು ವರ್ಷದ ದುಡಿಮೆ. ನಲವತ್ತೇಳು ಒಂದು ಬರಿಸಿಬಿಡು.”

ಗೋಡೆಯ ಮೇಲೆ ಎರಡು ತಲೆ ಎದ್ದವು.

“ನಾನು ಹೇಳ್ಲಿಲ್ವಾ ಮಾಮ?” ಎಂದಳು ಲಮೈಯಕ್ಕ. “ನಮ್ಮನ್ನೆಲ್ಲ ಸಾಗಹಾಕಿ ಒಬ್ನೇ ಕೇಳ್ಕೋತಾನೆ ಅಂತ.”

ಚುಯ್ ಮಾಮ ಗಂಟಲು ಸರಿಮಾಡಿಕೊಂಡ.

“ಲೋ, ಸ್ಟ್ರಾ ಹಾಕೋ. ಸ್ಟ್ರಾ ಇಲ್ದೆ ಅಮ್ಮ ಹೇಗೆ ಕುಡೀಬೇಕು?”

ಮಾನೋಪ ಜೇಬಿನಿಂದ ಸ್ಟ್ರಾ ತೆಗೆದು ಹಾಕಿದ.