ಪಟ್ಟಿಗಳ ಸ್ವಭಾವ ತಿದ್ದಲು ಹೋಗಿ

ಅಂಗಡಿ, ದವಾಖಾನೆಗಳ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದುಕೊಡುವುದು ನನ್ನ ಕಸುಬು. ಮನೆ ಜಹೀರಾಬಾದಿನಲ್ಲಿ, ನಾರಾಯಣಖೇಡ, ತಾಂಡೂರಿಗೆ ಬಸ್ಸಿನಲ್ಲಿ ಓಡಾಟ. ಇಷ್ಟು ವರ್ಷದಲ್ಲಿ ನನ್ನನ್ನು ಅತಿ ಹೆಚ್ಚು ಓಡಾಡಿಸಿದ್ದು ಪರದೆಯ ಮೇಲಿನ ಪಟ್ಟಿಗಳು. ಹತ್ತಾರು ಹೆಸರು ತೋರಿಸಿ, ಬೇಕಾದ್ದನ್ನು ಒತ್ತಿ ಆರಿಸಿಕೋ ಎನ್ನುತ್ತವಲ್ಲ, ಅವು. ಅವುಗಳಿಗೆ ಹುಟ್ಟಿನಿಂದ ಬಂದ ಒಂದು ಸ್ವಭಾವ ಇರುತ್ತದೆ. ಅದನ್ನು ಬದಲಿಸಿದರೂ ಪ್ರಸಂಗ, ಬದಲಿಸದಿದ್ದರೂ ಪ್ರಸಂಗ. ಪುಣ್ಯಕ್ಕೆ ಯಾರೂ ನನ್ನನ್ನು ಬೈದು ಅಟ್ಟಲಿಲ್ಲ. ಚಹಾ ಕುಡಿಸಿಯೇ ಕಳಿಸಿದರು.

೧. ಹೆಸರು ಬದಲಿಸಿಕೊಂಡ ಅಜ್ಜಿ

ನಾರಾಯಣಖೇಡದ ಒಂದು ದವಾಖಾನೆಯಲ್ಲಿ ರೋಗಿಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದರು. ನಾನು ಮಾಡಿಕೊಟ್ಟ ಪಟ್ಟಿ ಅವನ್ನು ತಾನೇ ಅಕ್ಷರಮಾಲೆಯ ಕ್ರಮಕ್ಕೆ ಜೋಡಿಸಿಕೊಳ್ಳುತ್ತಿತ್ತು. ಕಾಂಪೌಂಡರು ಮೇಲಿನಿಂದ ಕೆಳಕ್ಕೆ ಕೂಗುತ್ತ ಹೋಗುತ್ತಿದ್ದರು.

ಮನೂರ್ ಕಡೆಯಿಂದ ಒಬ್ಬ ಅಜ್ಜಿ ಬೆಳಿಗ್ಗೆ ಮೊದಲನೇ ಆಟೋದಲ್ಲಿ ಬರುತ್ತಿದ್ದಳು. ಹೆಸರು ಯಲ್ಲಮ್ಮ. ಇಂಗ್ಲಿಷಿನಲ್ಲಿ ಆ ಅಕ್ಷರ ಕೊನೆಗೆ ಬರುತ್ತದೆ. ತಡವಾಗಿ ಬಂದ ಅನಸೂಯಾ, ಬಸಪ್ಪ ಎಲ್ಲ ಒಳಗೆ ಹೋಗಿ ಬಂದರೂ ಅಜ್ಜಿಯ ಪಾಳಿ ಮಾತ್ರ ಊಟದ ಹೊತ್ತಿಗೆ. ಒಂದು ದಿನ ಕೇಳಿಯೇಬಿಟ್ಟಳು, "ಯಾಕಪ್ಪಾ, ನಾ ಮೊದ್ಲ ಬಂದ್ರೂ ಕಡೀಕ ಯಾಕ?"

ಕಾಂಪೌಂಡರು, "ಏನ್ ಮಾಡೂದವ್ವಾ, ನಿನ್ನ ಹೆಸರಾ ಕಡೀಕ ಬರ್ತದ" ಅಂದರು.

ಮುಂದಿನ ವಾರ ಅಜ್ಜಿ ತನ್ನ ಹೆಸರು ಅಂಬವ್ವ ಎಂದು ಬರೆಸಿದಳು. ಹೆಸರು ಎಲ್ಲರಿಗಿಂತ ಮೇಲೆ ಬಂತು. ಕಾಂಪೌಂಡರು "ಅಂಬವ್ವಾ" ಎಂದು ಮೂರು ಸಲ ಕೂಗಿದರು, ಯಾರೂ ಏಳಲಿಲ್ಲ. ಅಜ್ಜಿ ಪಕ್ಕದವಳಿಗೆ, "ಯಾರವ್ವಾ ಈ ಅಂಬವ್ವ? ಕರದ್ರ ಏಳಬಾರದೇನು? ಆಕಿ ಸಲವಾಗಿ ನಮ್ಗೆಲ್ಲಾ ತಡ ಆಗ್ತದ" ಅನ್ನುತ್ತ ಕೂತಿದ್ದಳು.

ಅವತ್ತೇ ಡಾಕ್ಟರು ಫೋನು ಮಾಡಿದರು. ನಾನು ಹೋಗಿ, ಬಂದವರು ಬಂದ ಕ್ರಮದಲ್ಲೇ ನಿಲ್ಲುವಂತೆ ಪಟ್ಟಿಯನ್ನು ತಿದ್ದಿದೆ. ಅಜ್ಜಿ ನನಗೆಂದು ಒಂದು ಹಿಡಿ ಹಸಿ ಕಡಲೆ ಗಿಡ ತಂದುಕೊಟ್ಟು ಹೇಳಿದಳು, "ತಂಗೀ, ನನ್ನ ಹೆಸರು ನನಗ ವಾಪಸ್ ಕೊಡ್ಸಿದಿ. ಎಲ್ಡು ಹೆಸರು ಸಂಭಾಳಸೂ ವಯಸ್ಸಲ್ಲವ್ವಾ ನಂದು."

೨. ಸೊಕ್ಕು

ಜಹೀರಾಬಾದಿನ ಬೀಜದ ಅಂಗಡಿಯ ಗುಮಾಸ್ತರು, ಗಿರಾಕಿ ತೊಗರಿ ಬೀಜ ಕೇಳಿದರೆ, ಪಟ್ಟಿಯಲ್ಲಿ ಒಂದೊಂದೇ ಸಾಲು ಇಳಿಯುತ್ತ ಕೆಳಗೆ ಹೋಗುತ್ತಿದ್ದರು. ನೋಡಲಾರದೆ, ಮೊದಲಿನ ಎರಡಕ್ಷರ ಒತ್ತಿದರೆ ನೇರ ಅಲ್ಲಿಗೇ ಹಾರುವಂತೆ ಮಾಡಿಕೊಟ್ಟೆ. ತಿಂಗಳಾದ ಮೇಲೆ ಹೇಗಿದೆ ಎಂದು ಕೇಳಿದೆ.

"ಭಾಳ ಛಲೋ ಅದರಿ ಮೇಡಂ. ಆದ್ರ ಮೊದ್ಲ ತೊಗರಿ ಸಿಗೂದ್ರಾಗ ಮನೀ ಕಡಿ ಆರಾಮ್ ಏನು, ಎಮ್ಮಿ ಈದದೇನು, ಎಲ್ಲಾ ಕೇಳಿ ಆಗ್ತಿತ್ತು. ಈಗ ಬಾಯಿ ತೆರೆಯೂದ್ರಾಗ ಚೀಟಿ ಬರ್ತದ. ನಂಗ ಸೊಕ್ಕು ಬಂದದ ಅಂತ ಊರೆಲ್ಲಾ ಮಾತಾಡ್ಲಾಕತ್ಯದ."

೩. ಕಳ್ಳ

ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಒಂದು ಕಾರ್ಖಾನೆ. ಯಾಲಾಲ್ ಕಡೆಯ ರೈತರೊಬ್ಬರು ಪಡಸಾಲೆಗೆ ನೀಲಿ ಕಲ್ಲು ಬರೆಸಿ ಹೋದರು. ಟ್ರ್ಯಾಕ್ಟರಿನಲ್ಲಿ ಹಳದಿ ಕಲ್ಲು ಬಂದಿಳಿಯಿತು. ಮ್ಯಾನೇಜರು, "ನಾ ನೀಲಿನೇ ಒತ್ತೀನ್ರಿ, ದೇವರಾಣಿ" ಅಂದರು. ಮಾಲೀಕರು ನಂಬಲಿಲ್ಲ. ಮೂರನೇ ಸಲವೂ ಹೀಗಾದಾಗ ಅವರನ್ನು ಕೆಲಸದಿಂದ ಬಿಡಿಸುವ ಮಾತು ಬಂತು.

ನಾನು ಹೋಗಿ ಪಕ್ಕದಲ್ಲಿ ಕೂತು ನೋಡಿದೆ. ಅವರು ಬಣ್ಣದ ಪಟ್ಟಿಯಲ್ಲಿ ನೀಲಿ ಆರಿಸಿದರು, ನಿಜ. ಆಮೇಲೆ ಪುಟದ ಕೆಳಭಾಗ ನೋಡಲು ಮೌಸಿನ ಗಾಲಿ ತಿರುಗಿಸಿದರು. ಪುಟ ಅಲ್ಲಾಡಲಿಲ್ಲ, ಪಟ್ಟಿ ಅಲ್ಲಾಡಿತು. ನೀಲಿ ಹೋಗಿ ಹಳದಿ ಆಯಿತು. ತಪ್ಪು ನನ್ನದು ಎಂದು ಮಾಲೀಕರ ಮುಂದೆ ಒಪ್ಪಿಕೊಂಡು, ಪಟ್ಟಿ ತೆರೆದಿದ್ದಾಗ ಮಾತ್ರ ಗಾಲಿಯ ಮಾತು ಕೇಳುವಂತೆ ಬದಲಿಸಿದೆ. ಮ್ಯಾನೇಜರ ಕಣ್ಣಲ್ಲಿ ನೀರು ಬಂತು.

ಮರುವಾರ ಹೋದಾಗ ಅವರ ಮೌಸಿಗೆ ಗಾಲಿಯೇ ಇರಲಿಲ್ಲ. "ಏನಾತು?" ಅಂದೆ.

ಡ್ರಾಯರಿನಿಂದ ಕಾಗದದ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. "ನಿಮ್ಮ ಮ್ಯಾಲ ಪೂರಾ ವಿಶ್ವಾಸ ಅದರಿ ಮೇಡಂ. ಆದ್ರ ಕಳ್ಳ ಊರಾಗ ಇರೂದು ಬ್ಯಾಡ. ನೀವಾ ಒಯ್ದು ಜಹೀರಾಬಾದನಾಗ ಇಟ್ಕೋರಿ."

೪. ಆರು ಗಾಡಿ

ನಮ್ಮ ಓಣಿಯಲ್ಲೇ ವರ-ಕನ್ಯೆಯರ ಸಂಬಂಧ ಕೂಡಿಸುವ ಒಬ್ಬ ಅಕ್ಕ ಇದ್ದಾರೆ. ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಮನೆತನ ಆರಿಸಲು ಕೀಲಿಮಣೆಯ ಗುಂಡಿಯೊಂದನ್ನು ಒತ್ತಿ ಹಿಡಿಯಬೇಕಿತ್ತು. "ಒಂದು ಕೈಯಾಗ ಫೋನ್ ಇರ್ತದ ತಂಗಿ, ಎಲ್ಲಿಂದ ತರ್ಲಿ ಮೂರನೇ ಕೈ?" ಅಂದರು. ಸರಿ, ಒಮ್ಮೆ ಒತ್ತಿದರೆ ಆರಿಸಿದಂತೆ, ಮತ್ತೊಮ್ಮೆ ಒತ್ತಿದರೆ ಬಿಟ್ಟಂತೆ ಎಂದು ಬದಲಿಸಿದೆ. ಎರಡನೇ ಮಾತನ್ನು ಅಕ್ಕ ಮರೆತರು.

ಒಬ್ಬ ಟೀಚರ್ ಹುಡುಗಿಗಾಗಿ ಆರು ಮನೆತನವನ್ನು ಒಂದೊಂದಾಗಿ ಒತ್ತಿ ನೋಡಿ, ಕೊನೆಯದು ಒಪ್ಪಿಗೆಯಾಗಿ, 'ಐತವಾರ ಹತ್ತಕ್ಕೆ ಹುಡುಗಿ ನೋಡಲು ಬನ್ನಿ' ಎಂದು ಸಂದೇಶ ಕಳಿಸಿದರು. ಅದು ಆರೂ ಮನೆಗೆ ಹೋಯಿತು.

ಐತವಾರ ಹುಡುಗಿಯ ಅಪ್ಪ ಅಕ್ಕನಿಗೆ ಫೋನು ಮಾಡಿದರು. "ಅಕ್ಕಾರ, ನಾಲ್ಕನೇ ಗಾಡಿ ಬಂದು ನಿಂತದ. ಇನ್ನಾ ಎಷ್ಟು ಬರ್ತಾವ?"

ನಾವಿಬ್ಬರೂ ಓಡಿದೆವು. ನಾಲ್ಕು ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರು. ಇನ್ನೆರಡು ಗಾಡಿ ನಮ್ಮ ಕಣ್ಣೆದುರೇ ಬಂದವು. ಅಡುಗೆಮನೆಯಲ್ಲಿ ಮೂರನೇ ಸಲ ಉಪ್ಪಿಟ್ಟಿಗೆ ಎಸರು ಇಟ್ಟಿದ್ದರು. ನಾನು ಹುಡುಗಿಯ ಕೈ ಹಿಡಿದು ಕ್ಷಮೆ ಕೇಳಿದೆ. ಆಕೆ ಶಾಂತವಾಗಿ, "ಇರ್ಲಿ ಬಿಡ್ರಿ. ಇನ್ನಾ ಐದು ಐತವಾರ ರೇಷ್ಮಿ ಸೀರಿ ಉಡೂದು ಉಳೀತು" ಅಂದಳು.

ತಟ್ಟೆ ಸಾಲಲಿಲ್ಲ. ಬಂದ ಹುಡುಗರಲ್ಲಿ ಐದು ಮಂದಿ ಕೂತೇ ಇದ್ದರು. ಒಬ್ಬ ಮಾತ್ರ ಅಂಗಿಯ ತೋಳು ಮಡಚಿ ಹಿತ್ತಲಿಗೆ ಹೋಗಿ ತಟ್ಟೆ ತೊಳೆಯತೊಡಗಿದ. ಹುಡುಗಿ ಕಿಟಕಿಯಿಂದ ನೋಡಿ ಅಪ್ಪನಿಗೆ ಹೇಳಿದಳು, "ಅಪ್ಪಾ, ಆ ತಟ್ಟಿ ತೊಳ್ಯಾಂವ." ಅವನು ಅಕ್ಕ ಮೊದಲೇ ಬೇಡವೆಂದು ಬಿಟ್ಟವನು. ಅಷ್ಟೇ ಅಲ್ಲ, ಉಪ್ಪಿಟ್ಟಿಗಾಗಿ ಕಾಯುತ್ತ ಕೂತ ಇಬ್ಬರು ತಾಯಂದಿರು ಮಾತಿಗೆ ಮಾತು ಕೂಡಿ, ಒಬ್ಬರ ಮಗನಿಗೆ ಇನ್ನೊಬ್ಬರ ಮಗಳನ್ನು ಗೊತ್ತು ಮಾಡಿಕೊಂಡು ಎದ್ದರು.

ಎರಡೂ ಮದುವೆಯಲ್ಲಿ ನನಗೆ ಸೀರೆ ಉಡಿಸಿದರು. ನಾಚಿಕೊಂಡೇ ಉಟ್ಟೆ. ಆಮೇಲೆ ಅಕ್ಕನ ಕಂಪ್ಯೂಟರಿನಲ್ಲಿ, 'ಆರು ಮನೆಗೆ ಹೋಗುತ್ತದೆ, ಕಳಿಸಲೇ?' ಎಂದು ಮೊದಲೇ ಕೇಳುವಂತೆ ಮಾಡಿ ತೋರಿಸಿದೆ.

ಅಕ್ಕ ಕನ್ನಡಕ ಏರಿಸಿ ನೋಡಿದರು. "ಛಲೋ ಆತು ತಂಗಿ, ಇದು ಇರ್ಲಿ. ಆದ್ರ ಅವತ್ತು ಆಗಿತ್ತಲ್ಲ ತಪ್ಪು, ಅದಕ್ಕೂ ಬಾಜೂಕ ಒಂದು ಬಟನ್ ಇಡು."