ಕರಿ ಪರದೆಯ ಸಂಕ್ರಾಂತಿ

“ಹೊಲಿಗಿ ಅಂದ್ರ ಏನು ಮಹಾ ಬ್ರಹ್ಮವಿದ್ಯಾ? ಸೂಜಿ ಒಳಗ ಹೋಗ್ತದ, ಹೊರಗ ಬರ್ತದ. ಮುಗೀತು! ಇದಕ್ಕ ಆ ಸಂಕಪ್ಪನ ಕಾಲು ಹಿಡೀಬೇಕೇನು? ನಾಳೆ ಸಂಜಿಯೊಳಗ ಎಲ್ಲಾರ ಉಡುಗೊರಿ ನನ್ನ ಕೈಯಿಂದನ ತಯಾರಾಗ್ತಾವ. ನೋಡ್ಕೋತ ಇರು!”

ಸಂಕ್ರಾಂತಿಯ ಹಿಂದಿನ ದಿನ, ಭೋಗಿಯ ಬೆಳಿಗ್ಗೆ, ಪ್ರಲ್ಹಾದರಾಯರು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಹೀಗೆ ಭೀಷ್ಮಪ್ರತಿಜ್ಞೆ ಮಾಡಿದರು. ಒಳಗೆ ಸಜ್ಜೆರೊಟ್ಟಿಗೆ ಎಳ್ಳು ಹಚ್ಚುತ್ತಿದ್ದ ಹೆಂಡತಿ ರಂಗೂಬಾಯಿ ತಲೆ ಎತ್ತಿದರು.

“ಅಲ್ರೀ, ಆ ಟ್ರಂಕಿನ್ಯಾಗ...”

“ಟ್ರಂಕಿನ ಮಾತು ಆಮ್ಯಾಲೆ! ಈಗ ನನಗ ಕತ್ತರಿ ಕೊಡು.”

ವಿಷಯ ಹೀಗಿತ್ತು. ರಾಯರು ಮೂಲತಃ ಧಾರವಾಡದವರು. ಪುಣೆಯ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್. ನಾರಾಯಣ ಪೇಟೆಯ ವಠಾರದಂಥ ಒಂದು ವಾಡೆಯ ಮಹಡಿಯಲ್ಲಿ ಎರಡು ಕೋಣೆಯ ಸಂಸಾರ. ಇದ್ದೊಬ್ಬ ಮಗಳು ಇಂದೂಳನ್ನು ಸದಾಶಿವ ಪೇಟೆಯ ಬಾಳಕೃಷ್ಣಪಂತರ ಮನೆಗೆ ಕೊಟ್ಟಿದ್ದರು. ಅವಳಿಗೆ ಗಂಡು ಮಗುವಾಗಿ ಇದು ಮೊದಲ ಸಂಕ್ರಾಂತಿ. ಪುಣೆಯ ಕಡೆ ಇಂಥ ಕೂಸನ್ನು ಮಣೆಯ ಮೇಲೆ ಕೂಡಿಸಿ, ತಲೆಯ ಮೇಲೆ ಬೋರೆಹಣ್ಣು, ಚುರಮುರಿ, ಕಬ್ಬಿನ ತುಂಡು ಸುರಿದು ‘ಬೋರನ್ಹಾಣ’ ಎಂಬ ಸಂಭ್ರಮ ಮಾಡುತ್ತಾರೆ. ಅದಕ್ಕೆ ಕೂಸಿನ ಮೈಮೇಲೆ ಕರಿ ಬಟ್ಟೆಯೇ ಇರಬೇಕು. ವರ್ಷವಿಡೀ ಅಪಶಕುನವಾದ ಕಪ್ಪು ಸಂಕ್ರಾಂತಿಯ ದಿನ ಮಾತ್ರ ಪುಣೆಯಲ್ಲಿ ಮಹಾರಾಣಿ!

ಬೀಗರು ಬೆಳಗಾವಿ ಕಡೆಯವರೇ ಆದರೂ ಮೂರು ತಲೆಮಾರಿನಿಂದ ಇಲ್ಲಿದ್ದು, ಪುಣೇಕರರಿಗಿಂತ ಹೆಚ್ಚು ಪುಣೇಕರರಾಗಿದ್ದರು. ಬೀಗತಿ ರಾಧಾಬಾಯಿಯವರ ನಾಲಿಗೆಯಂತೂ ಅಡಕತ್ತರಿ. ಇಂದೂ ಹೋದ ವಾರವೇ ಬಂದು ಹೇಳಿ ಹೋಗಿದ್ದಳು.

“ಅಪ್ಪಾ, ತವರುಮನಿಯಿಂದ ಕೂಸಿಗೆ ಕರಿ ಅಂಗಿ, ಕರಿ ಕುಂಚಿಗಿ ಬರಲಿಕ್ಕೇ ಬೇಕು. ‘ಧಾರವಾಡದವರಿಗೆ ಇದೆಲ್ಲಾ ಏನು ಗೊತ್ತದ’ ಅಂತ ಅತ್ತಿಯವರು ಈಗ ಶುರು ಮಾಡ್ಯಾರ. ನೀವು ಬರಿಗೈಲೆ ನಿಂತ್ರ ವರ್ಷಪೂರ್ತಿ ಕೇಳೂದು ನಾನು!”

ಮಗಳ ಕಣ್ಣಂಚಿನ ನೀರು ಕಂಡು ರಾಯರ ಕರುಳು ಚುರ್ ಎಂದಿತ್ತು. ಕೂಸಿನ ಬಟ್ಟೆಯಷ್ಟೇ ಏಕೆ, ಅಳಿಯನಿಗೆ ಜಾಕೀಟು, ಬೀಗತಿಗೆ ಶಾಲು, ಎಲ್ಲಾ ಕಪ್ಪಿನಲ್ಲೇ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟರು. ಅಷ್ಟೇ ಅಲ್ಲ, ಸಮಾರಂಭವೂ ತಮ್ಮ ಮನೆಯಲ್ಲೇ ಎಂದು ಸಾರಿಬಿಟ್ಟರು. ಮಾತು ಕೊಟ್ಟ ಮೇಲೆ, ವಾಡಿಕೆಯಂತೆ, ಮರೆತೂ ಬಿಟ್ಟರು.

ಭೋಗಿಯ ಹಿಂದಿನ ದಿನ ನೆನಪಾಗಿ ದರ್ಜಿ ಸಂಕಪ್ಪನ ಅಂಗಡಿಗೆ ಓಡಿದರೆ, ಅಲ್ಲಿ ಖಾಕಿಯ ಗುಡ್ಡ! ಯುದ್ಧದ ನಾಲ್ಕನೆಯ ವರ್ಷ. ಊರಿನ ದರ್ಜಿಗಳೆಲ್ಲ ಸಿಪಾಯಿಗಳ ಚಡ್ಡಿ ಹೊಲಿಯುತ್ತಿದ್ದರು. “ರಾಯರ, ಹಿಟ್ಲರ್ ಸೋಲೂತನಾ ನಿಮ್ಮ ಜಾಕೀಟು ಆಗಂಗಿಲ್ರಿ” ಎಂದು ಸಂಕಪ್ಪ ಕೈಮುಗಿದ. ಮೂಲೆಯಲ್ಲಿದ್ದ ಹಳೆಯ ಕೈಯಂತ್ರವನ್ನು ಮಾತ್ರ ದಯಮಾಡಿ ಹೊರಿಸಿ ಕಳಿಸಿದ.

ಯಂತ್ರ ಬಂತು. ಬಟ್ಟೆ? ಲಕ್ಷ್ಮೀ ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ಅಲೆದರೂ ಒಂದು ಗೇಣು ಕರಿ ಬಟ್ಟೆ ಸಿಗಲಿಲ್ಲ. ಶತ್ರುವಿಮಾನಕ್ಕೆ ಬೆಳಕು ಕಾಣಬಾರದೆಂದು ಜನ ಇದ್ದಬದ್ದ ಕರಿ ಬಟ್ಟೆಯನ್ನೆಲ್ಲ ಕೊಂಡು ಕಿಟಕಿಗಳಿಗೆ ಇಳಿಬಿಟ್ಟಿದ್ದರು. ಹಾಗೆ ಕೊಳ್ಳಿರೆಂದು ಇಡೀ ಓಣಿಯ ಬೆನ್ನು ಹತ್ತಿದ ಪುಣ್ಯಾತ್ಮ ಯಾರು? ಓಣಿಯ ವಾರ್ಡನ್ ಪ್ರಲ್ಹಾದರಾಯರು!

ಹೌದು, ರಾಯರು ವಾಯುದಾಳಿ ರಕ್ಷಣಾ ದಳದ ವಾರ್ಡನ್. ಪುಣೆಗೆ ಜಪಾನಿನ ಬಾಂಬು ಬಂದಿರಲಿಲ್ಲ. ರಾಯರ ಸೀಟಿ ಮಾತ್ರ ದಿನಾ ಸಂಜೆ ಬರುತ್ತಿತ್ತು. ಕೊರಳಲ್ಲಿ ಜನಿವಾರದ ಜೊತೆ ಸೀಟಿಯ ದಾರ, ತಲೆಗೆ ತಗಡಿನ ಟೊಪ್ಪಿಗೆ. ಎಲ್ಲಾದರೂ ಒಂದು ಕಿರಣ ಕಂಡರೆ ಸಾಕು, “ದಿವೆ ಬಂದ್ ಕರಾ! ದೀಪ ಆರಿಸ್ರಿ!” ಎಂದು ಮರಾಠಿ, ಕನ್ನಡ ಎರಡರಲ್ಲೂ ಗುಡುಗುತ್ತಿದ್ದರು. ಕರಾವಳಿಯಿಂದ ಬಂದು ಮೂಲೆಯಲ್ಲಿ ಕಾಫಿ ಹೋಟೆಲಿಟ್ಟ ಸದಾನಂದನಿಗಂತೂ, ಒಲೆಯ ಕೆಂಡ ಆಕಾಶಕ್ಕೆ ಕಾಣುತ್ತದೆಂದು, ಗಿರಾಕಿಗಳನ್ನು ಒಳಗಿಟ್ಟೇ ಬಾಗಿಲು ಹಾಕಿಸಿದ್ದರು. ಆಮೇಲೆ ಅವನನ್ನೇ ಸಹಾಯಕನನ್ನಾಗಿ ನೇಮಿಸಿಕೊಂಡು, ಎದೆ ತಟ್ಟಿ ಹೇಳಿದ್ದರು: “ಕಾಯ್ದೆ ಅಂದ್ರ ಕಾಯ್ದೆ! ನಾಳೆ ನನ್ನ ಮನಿ ದೀಪ ಕಂಡ್ರೂ ಬಿಡಬ್ಯಾಡ!”

ರಾಯರ ಮನೆಯ ಕಿಟಕಿ ಓಣಿಯಲ್ಲೇ ದೊಡ್ಡದು. ಅದರ ಕರಿ ಪರದೆಯೋ, ಎರಡು ಪದರಿನ ಗಟ್ಟಿ ಬಟ್ಟೆಯ ಮಾದರಿ ಪರದೆ. ‘ಪರದೆ ಹೇಗಿರಬೇಕು’ ಎಂದು ಕೇಳಿದವರನ್ನೆಲ್ಲ ರಾಯರು ಕರೆತಂದು ದೇವರ ದರ್ಶನದಂತೆ ಅದರ ದರ್ಶನ ಮಾಡಿಸುತ್ತಿದ್ದರು.

ಭೋಗಿಯ ಮಧ್ಯಾಹ್ನ ರಾಯರ ದೃಷ್ಟಿ ಆ ಪರದೆಯ ಮೇಲೆ ಬಿತ್ತು. ಬಿದ್ದದ್ದು ಏಳಲಿಲ್ಲ.

“ರಂಗೂ! ಕೈಯಾಗ ಬೆಣ್ಣಿ ಇಟ್ಕೊಂಡು ತುಪ್ಪಕ್ಕ ಊರೆಲ್ಲಾ ಅಲದೆ ನೋಡು!”

“ಅಯ್ಯ! ಅದು ಸರಕಾರದ ಪಡದಾ ರೀ! ಅದಕ್ಕ ಕೈ ಹಚ್ಚಬ್ಯಾಡ್ರಿ. ನಾ ಹೇಳೂದು ಕೇಳ್ರಿ, ಟ್ರಂಕಿನ್ಯಾಗ...”

“ಪಡದಾ ನಂದು, ಕಿಡಕಿ ನಂದು, ವಾರ್ಡನ್ ನಾನು! ಹೊತ್ತು ಮುಳುಗೂದರೊಳಗ ಬೋರನ್ಹಾಣ ಮುಗಿಸಿ ದೀಪ ಆರಿಸಿ ಕೂತ್ರಾತು. ನಾಳಿದ್ದು ಹೊಸಾ ಪಡದಾ ತರ್ತೀನಿ.”

ಎಲ್ಲಿಂದ ತರುತ್ತೀರಿ ಎಂದು ರಂಗೂಬಾಯಿ ಕೇಳುವಷ್ಟರಲ್ಲಿ ಪರದೆ ನೆಲಕ್ಕೆ ಬಿದ್ದು, ಕತ್ತರಿ ಅದರ ಹೊಟ್ಟೆಯಲ್ಲಿತ್ತು.

ಅಲ್ಲಿಂದ ಮರುದಿನ ಮಧ್ಯಾಹ್ನದವರೆಗೆ ಆ ಮನೆಯಲ್ಲಿ ನಡೆದದ್ದೂ ಒಂದು ಮಹಾಯುದ್ಧವೇ. ರಾಯರು ಯಂತ್ರದ ಹಿಡಿ ತಿರುಗಿಸಿದರೆ ಸೂಜಿ ಮುಂದೆ ಓಡುತ್ತಿತ್ತು, ಬಟ್ಟೆ ಹಿಂದೆ ಉಳಿಯುತ್ತಿತ್ತು. ಶಾಲಿನ ಅಂಚು ನೇರವಾಗಿ ಹೊರಟು, ನಡುವೆ ಏನೋ ನೆನಪಾದಂತೆ ಬಲಕ್ಕೆ ಹೊರಳಿತು. ಜಾಕೀಟಿನ ಎದೆಯ ಕಿಸೆ ಬೆನ್ನಿಗೆ ಬಂತು. “ಪ್ಯಾಟ್ಯಾಗ ಕಿಸೆಗಳ್ಳರು ಭಾಳ. ಅವರು ಹುಡುಕೂದು ಎದಿ ಮ್ಯಾಲೆ. ಇದು ಬೆನ್ನಿಗಿದ್ರ ಪಾರು!” ಎಂದು ರಾಯರು ಸಮರ್ಥಿಸಿಕೊಂಡರು. ಗೆದ್ದ ಹುಮ್ಮಸ್ಸಿನಲ್ಲಿ ಎದ್ದು ನಿಂತರೆ ಯಂತ್ರವೂ ಜೊತೆಗೆ ಎದ್ದಿತು! ಅಳಿಯನ ಜಾಕೀಟಿಗೆ ಮಾವನ ಧೋತರ ಭದ್ರವಾಗಿ ಸೇರಿ ಹೋಗಿತ್ತು.

ಕೊನೆಗೆ ಕುಂಚಿಗೆ ತಯಾರಾಯಿತು. ತಲೆಯಿಂದ ಬೆನ್ನಿನವರೆಗೆ ಇಳಿಯುವ ಕೂಸಿನ ಟೊಪ್ಪಿಗೆ ಅದು. ರಂಗೂಬಾಯಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಅಲ್ರೀ, ಇದರಾಗ ಕೂಸಿನ ಮಾರಿ ಎಲ್ಲಿಂದ ಹೊರಗ ಬರಬೇಕು?”

“ಅದಕ್ಕನ ಕತ್ತರಿ ಇರೂದು!” ಎಂದು ರಾಯರು ನಿಂತ ನಿಲುವಿನಲ್ಲೇ ಕೂಸಿಗೊಂದು ಕಿಟಕಿ ಕೊರೆದರು.

“ಹಂಗಾರ ಒಂದು ಮಾತು. ಟ್ರಂಕಿನ್ಯಾಗ...”

“ರಂಗೂ! ಇನ್ನೊಮ್ಮೆ ಟ್ರಂಕು ಅಂದ್ರ ಆ ಟ್ರಂಕಿಗೂ ಒಂದು ಅಂಗಿ ಹೊಲದುಬಿಡ್ತೀನಿ!”

ಬೆರಳಿಗೆಲ್ಲ ಸೂಜಿ ಚುಚ್ಚಿಸಿಕೊಂಡು, ಮೊಮ್ಮಗನ ಅಂಗಿಯನ್ನು ಎದೆಗೊತ್ತಿಕೊಂಡು ನಗುತ್ತಿದ್ದ ಗಂಡನನ್ನು ರಂಗೂಬಾಯಿ ಒಂದು ಕ್ಷಣ ನೋಡಿದರು. ಆಮೇಲೆ ಸುಮ್ಮನೆ ಎಳ್ಳುಬೆಲ್ಲ ಮಾಡಲು ಒಳಗೆ ಹೋದರು.

ಬೀಗರು ಬರಬೇಕಾದದ್ದು ನಾಲ್ಕಕ್ಕೆ. ಟಾಂಗಾ ಸಿಗದೆ, ಬಂದಾಗ ಬಿಸಿಲು ಮಾಳಿಗೆ ಹತ್ತಿತ್ತು. ಉಡುಗೊರೆಗಳ ವಿತರಣೆ ಕಳೆಗಟ್ಟಿತು. ಅಳಿಯ ಏಕನಾಥ ಜಾಕೀಟು ತೊಟ್ಟು ಕಿಸೆ ಎಲ್ಲಿದೆಯೆಂದು ಮೈಯೆಲ್ಲ ತಡವಿಕೊಂಡ. ಕೂಸು ಕುಂಚಿಗೆಯ ಕಿಟಕಿಯಿಂದ ಇಣುಕಿ ಬೊಚ್ಚುಬಾಯಿ ಬಿಟ್ಟು ನಕ್ಕಿತು. ಸಾಸವಡದಿಂದ ಬಂದ ಬೋರೆಹಣ್ಣು ಅದರ ತಲೆಯ ಮೇಲಿಂದ ಉರುಳಿ ಕೋಣೆಯೆಲ್ಲ ಹರಡಿತು. ಇಂದೂಳ ಮುಖ ಅರಳಿತ್ತು. ಅದನ್ನು ನೋಡಿ ರಾಯರ ಎದೆ ಎರಡು ಗೇಣು ಉಬ್ಬಿತು. ಹೊತ್ತು ಮುಳುಗಿ ಕೋಣೆ ಕತ್ತಲಾದದ್ದು ಅವರ ಗಮನಕ್ಕೇ ಬರಲಿಲ್ಲ.

“ಎಲ್ಲಾ ಸ್ವತಃ ಹೊಲದದ್ದು, ಬೀಗತಿಯವರ! ಹೆಂಗದ?”

ರಾಧಾಬಾಯಿ ಹೆಗಲ ಮೇಲಿನ ಶಾಲನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. “ಬಟ್ಟಿ ಗಟ್ಟಿ ಅದ. ಹೊಲಿಗೀನೂ ಛಲೋ ಕಾಣ್ತದ. ಕತ್ತಲದಾಗ ಎಲ್ಲಾರ ಹೊಲಿಗೀನೂ ನೆಟ್ಟಗ ಕಾಣ್ತದ ಬಿಡ್ರಿ.”

ಇಂದೂಳ ಮುಖ ಬಾಡಿತು. ರಾಯರಿಗೆ ರಕ್ತ ನೆತ್ತಿಗೇರಿತು. ಕತ್ತಲಲ್ಲೇ? ಪ್ರಲ್ಹಾದರಾಯನ ಹೊಲಿಗೆ ಬೆಳಕಿಗೆ ಹೆದರುತ್ತದೆಯೇ?

“ಹಂಗಾರ ಬೆಳಕಿನ್ಯಾಗ ನೋಡ್ರಿ!” ಎಂದವರೇ ಬಲ್ಬಿಗೆ ತೊಡಿಸಿದ್ದ ಕರಿ ಕಾಗದದ ಟೊಪ್ಪಿಗೆ ಕಿತ್ತೆಸೆದು ಗುಂಡಿ ಒತ್ತಿದರು. ಕೋಣೆ ಝಗ್ ಎಂದಿತು. ಕೋಣೆಯ ಜೊತೆಗೆ ಓಣಿಯೂ ಝಗ್ ಎಂದಿತು!

ಮರುಕ್ಷಣ ಕೆಳಗಿನಿಂದ ಸೀಟಿ ಕೇಳಿಸಿತು. ಆಮೇಲೆ ಸದಾನಂದನ ದನಿ. “ದಿವೆ ಬಂದ್ ಕರಾ! ಯಾರದ್ದು ಮಾರಾಯ್ರೆ ಆ ಮಹಡಿ ಕಿಟಕಿ? ಅಯ್ಯೋ, ರಾಯರದ್ದೇ! ರಾಯರೇ, ನಿಮ್ಮ ಮನೆ ಆದ್ರೂ ಬಿಡಬೇಡ ಅಂತ ನೀವೇ ಹೇಳಿದ್ದು. ಈಗ ನಾನು ಎಂತ ಮಾಡುದು?”

ರಾಯರು ಹಾರಿ ದೀಪ ಆರಿಸಿದರು. ಗವ್ವೆನ್ನುವ ಕತ್ತಲು. ಕೂಸು ಕಿಟಾರನೆ ಚೀರಿತು. ಯಾರೋ ಬೋರೆಹಣ್ಣಿನ ಮೇಲೆ ಕಾಲಿಟ್ಟು ಜಾರಿದರು. ಬೀಗ ಬಾಳಕೃಷ್ಣಪಂತರ ಗಟ್ಟಿ ನರಳಿಕೆಯಿಂದ ಅದು ಅವರೇ ಎಂದು ತಿಳಿಯಿತು.

“ದೀಪಾ ಹಚ್ಚರಿ!” ಎಂದರು ರಾಧಾಬಾಯಿ. “ಇನ್ನೂ ಆರತಿ ಆಗಿಲ್ಲ. ಮೊದಲನೇ ಸಂಕ್ರಾಂತಿಗೆ ಕೂಸನ್ನ ಕತ್ತಲದಾಗ ಕೂಡಸ್ತಾರೇನು? ಒಂದು ಪಡದಾ ಬಿಡ್ರಿ ಕಿಡಕಿಗೆ! ಪಡದಾ ಎಲ್ಲದ?”

ರಾಧಾಬಾಯಿಯವರ ಕೈ ಕತ್ತಲಲ್ಲೇ ಮೆಲ್ಲಗೆ ತಮ್ಮ ಹೆಗಲ ಶಾಲನ್ನು ಮುಟ್ಟಿ ನೋಡಿಕೊಂಡಿತು.

“ಅಗಬಾಯಿ! ಪಡದಾ ನನ್ನ ಮೈಮ್ಯಾಲೇ ಅದ!”

ಮುಂದೆ ನಡೆದದ್ದನ್ನು ಆ ವಾಡೆಯವರು ಎಷ್ಟೋ ವರ್ಷ ಹೇಳಿಕೊಂಡು ನಕ್ಕರು. ದೀಪ ಮತ್ತೆ ಹತ್ತಬೇಕಾದರೆ ಕಿಟಕಿ ಮುಚ್ಚಬೇಕು. ಮುಚ್ಚಬೇಕಾದರೆ ಪರದೆ ಹೊದ್ದವರೇ ಎದ್ದು ನಿಲ್ಲಬೇಕು! ರಾಧಾಬಾಯಿ ಶಾಲನ್ನು ಎರಡೂ ಕೈಯಿಂದ ಹರಡಿ ಹಿಡಿದರು. ಏಕನಾಥ ಜಾಕೀಟಿನ ಬೆನ್ನನ್ನು ಗಾಜಿಗೆ ಒತ್ತಿ ನಿಂತ. ಪಂತರು ಸೊಂಟ ತಿಕ್ಕಿಕೊಳ್ಳುತ್ತ ತಮ್ಮ ಛತ್ರಿ ಬಿಚ್ಚಿ ಮೂಲೆಗೆ ಹಿಡಿದರು. ಉಳಿದ ಸಂದಿಗೆ ಇಂದೂ ಕೂಸಿನ ಕುಂಚಿಗೆ ಬಿಚ್ಚಿ ಅಡ್ಡ ಹಿಡಿದಳು. ಆದರೆ ಅದಕ್ಕೆ ರಾಯರು ಕೊರೆದ ಕಿಟಕಿಯಿತ್ತಲ್ಲ! ದೀಪ ಹಾಕಿದ ಕೂಡಲೇ ಅದರೊಳಗಿಂದ ಬೆಳಕು ನೇರವಾಗಿ ಓಣಿಗೆ ಬಿತ್ತು.

“ಒಂದು ತೂತು ಉಂಟು ರಾಯರೇ!” ಕೆಳಗಿನಿಂದ ಸದಾನಂದ.

ರಾಯರು ಓಡಿ ಬಂದು ಆ ತೂತಿಗೆ ತಮ್ಮ ತಲೆ ಒಡ್ಡಿದರು. ಓಣಿಯ ವಾರ್ಡನ್ನರ ಮುಖ, ಕೂಸಿನ ಕುಂಚಿಗೆ ತೊಟ್ಟು, ಓಣಿಗೆಲ್ಲ ದರ್ಶನ ಕೊಟ್ಟಿತು.

“ಅಪ್ಪಾ, ಇದಕ್ಕ ಯೆರವಡಾ ಜೇಲಿಗೆ ಹಾಕ್ತಾರೇನು?” ಇಂದೂ ಅಳುವ ದನಿಯಲ್ಲಿ ಕೇಳಿದಳು.

“ಯಾಕ ಹಾಕ್ತಾರ?” ಎಂದರು ರಾಧಾಬಾಯಿ, ಕೈ ಇಳಿಸದೆ. “ದೇಶಕ್ಕಾಗಿ ಹೋದವರು ಅಲ್ಲಿ ತುಂಬಿ ತುಳಕ್ಯಾಡಾಕತ್ತಾರ. ಪಡದಾ ಹರದು ಹೋದವರಿಗೆ ಜಾಗಾ ಎಲ್ಲದ?”

ರಾಯರ ಅಭಿಮಾನ ಅಲ್ಲಿಗೆ ನೆಲ ಕಚ್ಚಿತು. ಕುಂಚಿಗೆಯೊಳಗಿಂದಲೇ ದೀನವಾಗಿ ಕೂಗಿದರು. “ರಂಗೂ! ಮನ್ಯಾಗ ಕರೇದು ಏನಾರ ಇದ್ರ ತಾರಽ!”

“ಟ್ರಂಕಿನ್ಯಾಗ ಅದ. ತರಲೇನ್ರಿ?” ಎಂದರು ರಂಗೂಬಾಯಿ.

ಅವರು ಟ್ರಂಕಿನಿಂದ ತೆಗೆದದ್ದು ತಮ್ಮ ಮದುವೆಯ ಚಂದ್ರಕಾಳಿ ರೇಷ್ಮೆ ಸೀರೆ. ಕಾಡಿಗೆಯಂಥ ಕಪ್ಪು. ಅದನ್ನು ಮಡಿಸಿ ಕಿಟಕಿಗೆ ಇಳಿಬಿಟ್ಟಾಗ ಎಲ್ಲರ ಕೈಗಳು ಬಿಡುಗಡೆಯಾದವು. ಸೀರೆಗೆ ಸೆರಗು ಇರಲಿಲ್ಲ. ಆ ಸೆರಗು ಟ್ರಂಕಿನ ತಳದಲ್ಲಿ ಪುಟ್ಟ ಅಂಗಿ, ಪುಟ್ಟ ಕುಂಚಿಗೆಯಾಗಿ ಕೂತಿತ್ತು. ಅಂಚಿಗೆಲ್ಲ ಧಾರವಾಡದ ಕಸೂತಿ: ತುಳಸಿಕಟ್ಟೆ, ನವಿಲು, ಒಂದು ಸಣ್ಣ ಆನೆ. ಹಿಂದಿಲ್ಲ ಮುಂದಿಲ್ಲ, ಎರಡೂ ಕಡೆ ಒಂದೇ ಹೊಲಿಗೆ.

ರಾಧಾಬಾಯಿ ಅದನ್ನು ಬೆಳಕಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದರು. “ವೈನೀ, ಮದುವಿ ಸೀರಿ ಕತ್ತರಿಸಿದ್ರ್ಯಾ?”

“ಕೂಸಿಗಿಂತ ಸೀರಿ ಹೆಚ್ಚೇನ್ರಿ? ನಮ್ಮ ಧಾರವಾಡದಾಗ ಕರೇ ರೇಷ್ಮಿ ಅಂದ್ರ ಶುಭಾನ.” ರಂಗೂಬಾಯಿ ನಕ್ಕು ಕೂಸಿಗೆ ತೊಡಿಸಿದರು. ಇಂದೂ ತಾಯಿಯ ತೋಳಿಗೆ ಮುಖ ಒತ್ತಿ ಕಣ್ಣೊರೆಸಿಕೊಂಡಳು. ಆರತಿ ಆಯಿತು.

ಬೀಗರು ಹೋದ ಮೇಲೆ ರಾಯರು ಮೆಲ್ಲಗೆ ಕೇಳಿದರು. “ಇದು ತಯಾರದ ಅಂತ ಮೊದಲೇ ಯಾಕ ಹೇಳಲಿಲ್ಲ?”

“ಮೂರು ಸರ್ತಿ ಬಾಯಿ ತೆಗದೆ. ನೀವು ಬಿಡಲಿಲ್ಲ. ಆಮ್ಯಾಲೆ ಅಂಗಿ ಎದಿಗಿ ಒತ್ತಿಕೊಂಡು ನಗಾಕತ್ತಿದ್ರಿ. ಹೇಳೂ ಮನಸ್ಸಾಗಲಿಲ್ರಿ.”

ರಾಯರು ನಾಚಿ, ಜೀವನದಲ್ಲಿ ಮೊದಲ ಬಾರಿಗೆ ಸೀಟಿಯನ್ನು ಗೂಟಕ್ಕೆ ನೇತುಹಾಕಿದರು.

ಮರುದಿನ ರಂಗೂಬಾಯಿ ಬೀಗರಿಂದ ರಾಯರು ಹೊಲಿದದ್ದೆಲ್ಲವನ್ನೂ ತಿರುಗಿ ತರಿಸಿ, ಶಾಲು, ಗುಂಡಿ ಸಮೇತ ಜಾಕೀಟು, ಅಂಗಿ, ಕುಂಚಿಗೆಗಳನ್ನು ಒಂದಕ್ಕೊಂದು ಕೂಡಿಸಿ ಮತ್ತೆ ಪರದೆ ಹೊಲಿದರು. ಕಿಟಕಿ ತುಂಬಿತು. ಮಾದರಿ ಪರದೆಯನ್ನು ನೋಡಲು ಈಗ ಯಾರೂ ಕರೆಯದೆಯೇ ಜನ ಬರತೊಡಗಿದರು. ಅಂದು ಸಂಜೆ ರಾಯರು ತಗಡಿನ ಟೊಪ್ಪಿಗೆ ಹಾಕಿಕೊಂಡು, ಹಿಂದಿನ ಠೀವಿಯಲ್ಲೇ ಓಣಿಗೆ ಇಳಿದರು. ಎದುರಿಗೆ ಸದಾನಂದ ಅವರ ಮಹಡಿಯತ್ತ ಕತ್ತೆತ್ತಿ ನಿಂತಿದ್ದ.

“ರಾಯರೇ, ಸ್ವಲ್ಪ ಮೇಲೆ ಹೋಗಿ ಬನ್ನಿ. ನಿಮ್ಮ ಕಿಟಕಿಯ ಎರಡನೇ ಗುಂಡಿ ಹಾಕಲಿಲ್ಲ, ಬೆಳಕು ಕಾಣ್ತದೆ!”